ಧರ್ಮನಿಂದೆಯ ಕಾನೂನು: ದೇವರಿಂದ ಭಾವನೆಯವರೆಗೆ

ನಮ್ಮ ದಂಡಸಂಹಿತೆಯಲ್ಲಿ ‘ಧರ್ಮನಿಂದೆ’ ಎಂಬ ಹೆಸರಿನ ಅಪರಾಧವೇ ಇಲ್ಲ. ಆದರೂ ಕಾದಂಬರಿಯೊಂದು ಮುಟ್ಟುಗೋಲಾದಾಗ, ಫೇಸ್‌ಬುಕ್ ಪೋಸ್ಟಿನ ನೆಪದಲ್ಲಿ ಠಾಣೆಯ ಮುಂದೆ ಜನ ಜಮಾಯಿಸಿದಾಗ 295ಎ ಎಂಬ ಸೆಕ್ಷನ್ ಎಲ್ಲರ ಬಾಯಲ್ಲೂ ಓಡಾಡುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 299 ಎಂಬ ಸಂಖ್ಯೆ ಬಂದಿದೆ. ಒಕ್ಕಣೆ ಹೆಚ್ಚುಕಡಿಮೆ ಹಳೆಯದೇ. ಅದು ಕಾಯುವುದು ದೇವರನ್ನಲ್ಲ, ನಂಬುವವರ ಭಾವನೆಯನ್ನು. ದೇವರ ಜಾಗಕ್ಕೆ ಭಾವನೆ ಬಂದು ಕೂರಲು ಶತಮಾನಗಳೇ ಹಿಡಿದವು.

ಹಳೆಯ ಬೇರುಗಳು

ಬೈಬಲಿನ ಯಾಜಕಕಾಂಡ ದೇವದೂಷಣೆಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ಹೇಳುತ್ತದೆ. ಇಸ್ಲಾಮಿನಲ್ಲಿ ಈ ಅಪರಾಧದ ವಿವರಗಳನ್ನು ಬೆಳೆಸಿದವರು ಮುಖ್ಯವಾಗಿ ನಂತರದ ನ್ಯಾಯಶಾಸ್ತ್ರಜ್ಞರು. ಮನುಸ್ಮೃತಿ ವೇದನಿಂದಕನನ್ನು ಸಜ್ಜನರ ಕೂಟದಿಂದ ಹೊರಗಿಡು ಎನ್ನುತ್ತದೆ. ಅದರ ಎಂಟನೇ ಅಧ್ಯಾಯದ ಘೋರ ಶಿಕ್ಷೆಗಳು ಮೇಲಿನ ವರ್ಣದವರನ್ನು ಬೈದ ಶೂದ್ರನಿಗೆ ಮೀಸಲು. ಅಲ್ಲಿ ದೇವರಿಗಿಂತ ಶ್ರೇಣಿಯ ಮಾನವೇ ದೊಡ್ಡದು.

ಇಂಗ್ಲೆಂಡಿನಲ್ಲಿ 1676ರ ಟೇಲರ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಮ್ಯಾಥ್ಯೂ ಹೇಲ್, ಕ್ರೈಸ್ತ ಧರ್ಮ ದೇಶದ ಕಾನೂನಿನ ಭಾಗವೇ ಆಗಿದೆ ಎಂದರು. ಧರ್ಮವನ್ನು ಹಳಿದರೆ ಪ್ರಭುತ್ವವನ್ನೇ ಹಳಿದಂತಾಯಿತು. ಆ ಅಪರಾಧ ಅಲ್ಲಿ ರದ್ದಾದದ್ದು 2008ರಲ್ಲಿ.

ಮೆಕಾಲೆಯಿಂದ 1927ರವರೆಗೆ

ಭಾರತಕ್ಕೆ ಆ ಮಾದರಿ ಹೊಂದುವಂತಿರಲಿಲ್ಲ. ಆಳುವವರ ಧರ್ಮ ಒಂದು, ಪ್ರಜೆಗಳ ಧರ್ಮ ಹಲವು. ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿತು. ಅದು ತಿದ್ದುಪಡಿಗಳೊಂದಿಗೆ 1860ರಲ್ಲಿ ಭಾರತೀಯ ದಂಡಸಂಹಿತೆಯಾಯಿತು. ಅದರ 15ನೇ ಅಧ್ಯಾಯ ಎಲ್ಲ ಧರ್ಮಗಳನ್ನೂ ಒಂದೇ ಸಾಲಿನಲ್ಲಿ ಇಟ್ಟಿತು: ಪೂಜಾಸ್ಥಳ ಅಪವಿತ್ರಗೊಳಿಸುವುದು, ಪ್ರಾರ್ಥನೆಗೆ ಅಡ್ಡಿ, ಸ್ಮಶಾನದಲ್ಲಿ ಅತಿಕ್ರಮಣ, ಬೇಕೆಂದೇ ಮನ ನೋಯಿಸುವ ಮಾತು. ಗುರಿ ಒಂದೇ, ಬೀದಿಯ ಶಾಂತಿ.

1924ರಲ್ಲಿ ಲಾಹೋರಿನಲ್ಲಿ ಹೊರಬಂದ, ಪ್ರವಾದಿ ಮುಹಮ್ಮದರನ್ನು ಹಂಗಿಸುವ ‘ರಂಗೀಲಾ ರಸೂಲ್’ ಎಂಬ ಪುಸ್ತಿಕೆ ಈ ವ್ಯವಸ್ಥೆಯ ಬಿರುಕು ತೋರಿಸಿತು. ಗತಿಸಿದ ಧರ್ಮಪುರುಷನ ಟೀಕೆ ಎರಡು ಸಮುದಾಯಗಳ ನಡುವೆ ದ್ವೇಷ ಬಿತ್ತುವ ಅಪರಾಧವಾಗದು ಎಂದು 1927ರಲ್ಲಿ ನ್ಯಾಯಮೂರ್ತಿ ದಲೀಪ್ ಸಿಂಗ್ ಪ್ರಕಾಶಕ ರಾಜ್‌ಪಾಲ್ ಅವರನ್ನು ಬಿಡುಗಡೆ ಮಾಡಿದರು. ಗದ್ದಲವೆದ್ದಿತು, ಅದೇ ವರ್ಷ 295ಎ ಜಾರಿಗೆ ಬಂತು. ಪ್ರಾಮಾಣಿಕ ವಿಮರ್ಶಕರಿಗೆ ಇದು ಉರುಳಾಗಬಾರದೆಂದು ಜಿನ್ನಾ ಆಗಲೇ ಎಚ್ಚರಿಸಿದ್ದರು. ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಎಂಬ ಎರಡು ಷರತ್ತುಗಳೇ ಸೆಕ್ಷನ್ನಿನ ಬೀಗ. ಆದರೂ 1929ರಲ್ಲಿ ರಾಜ್‌ಪಾಲ್ ಕೊಲೆಯಾದರು. ಇದೇ ಸಂಹಿತೆಯನ್ನು ಪಡೆದ ಪಾಕಿಸ್ತಾನ 1986ರಲ್ಲಿ ಪ್ರವಾದಿ ನಿಂದನೆಯ ಕುರಿತ 295ಸಿ ಸೇರಿಸಿದಾಗ ಉದ್ದೇಶದ ಷರತ್ತನ್ನೇ ಇಡಲಿಲ್ಲ.

ಉದ್ದೇಶಕ್ಕೆ ಏಕಿಷ್ಟು ಬೆಲೆ ಎಂಬುದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ನರಸಿಂಹತೀರ್ಥದಲ್ಲಿದ್ದ ಶ್ರೀಪಾದರಾಜರು 15ನೇ ಶತಮಾನದಲ್ಲಿ ಕನ್ನಡದಲ್ಲೇ ದೇವರನಾಮ ಕಟ್ಟಿದರು. ಮುಂದೆ ಬೆಳೆದ ದಾಸಪರಂಪರೆಯಲ್ಲಿ ನಿಂದಾಸ್ತುತಿ ಒಪ್ಪಿತ ಪ್ರಕಾರ. ಹರಿಯನ್ನು ಹಂಗಿಸುವ ಹಾಡನ್ನು ಭಜನೆಯಲ್ಲಿ ತಾಳ ಹಾಕಿ ಹಾಡುತ್ತಾರೆ. ಅದೇ ಮಾತನ್ನು ಊರ ಹೊರಗಿನವನೊಬ್ಬ ಆಡಿದರೆ ಜಗಳ. ಬೈಗುಳ ಒಂದೇ, ಮನಸ್ಸು ಬೇರೆ.

ಕೋರ್ಟಿನಲ್ಲಿ, ಕರ್ನಾಟಕದಲ್ಲಿ

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 295ಎಯನ್ನು ಎತ್ತಿಹಿಡಿಯಿತು. ಅಚಾತುರ್ಯದಿಂದಾದ ಅವಮಾನ ಇದರಡಿ ಬರದು ಎಂದೂ ಹೇಳಿತು. ಪೆರಿಯಾರ್ ಗಣಪತಿಯ ಮಣ್ಣಿನ ಮೂರ್ತಿ ಒಡೆದ ಪ್ರಕರಣದಲ್ಲಿ, 1958ರಲ್ಲಿ, ಪೂಜಾಸ್ಥಳ ಮತ್ತು ಪವಿತ್ರ ವಸ್ತುಗಳನ್ನು ಕಾಯುವ ಸೆಕ್ಷನ್ 295ರ ‘ಪವಿತ್ರ ವಸ್ತು’ವಿನ ವ್ಯಾಪ್ತಿ ಹಿಗ್ಗಿತು: ಬೈಬಲ್, ಕುರಾನ್, ಗ್ರಂಥಸಾಹೇಬ್‌ಗಳೂ ಅದರೊಳಗೆ ಬಂದವು.

ಕನ್ನಡದ ದೊಡ್ಡ ಪ್ರಕರಣ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಚಿತ್ರಣಕ್ಕೆ ಆಕ್ಷೇಪ ಬಂದು, 1997ರಲ್ಲಿ ಸರ್ಕಾರ ಕಾದಂಬರಿಯನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ಸೋತರು. ಮುಟ್ಟುಗೋಲಿಗೆ ಲೇಖಕನ ದುರುದ್ದೇಶ ಪೂರ್ತಿ ಸಾಬೀತಾಗಬೇಕಿಲ್ಲ, ಅಪರಾಧದ ಅಂಶ ಬರಹದಲ್ಲಿ ಕಂಡುಬಂದರೆ ಸಾಕು ಎಂಬುದು ಅಲ್ಲಿ ಗಟ್ಟಿಯಾಯಿತು. ಬೀಗ ಸಡಿಲವಾದದ್ದು ಇಲ್ಲಿ. 2013ರಲ್ಲಿ ‘ಢುಂಢಿ’ ಕಾದಂಬರಿ ಬರೆದ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು. ಮರುವಾದವೂ ಇದೆ: ಕಡಬದ ಮಸೀದಿಯೊಂದರಲ್ಲಿ ಘೋಷಣೆ ಕೂಗಿದವರ ಮೇಲಿನ ಪ್ರಕರಣವನ್ನು 2024ರಲ್ಲಿ ಹೈಕೋರ್ಟ್ ರದ್ದುಪಡಿಸುತ್ತಾ, ಎಲ್ಲ ಕೃತ್ಯವೂ 295ಎ ಅಪರಾಧವಾಗದು ಎಂದಿತು.

ಕೋಲಾರದ ಎರಡು ಘಟನೆ

2021ರ ಡಿಸೆಂಬರಿನಲ್ಲಿ ಶ್ರೀನಿವಾಸಪುರದಲ್ಲಿ ಮತಾಂತರದ ಆರೋಪ ಹೊರಿಸಿ, ಮನೆಮನೆಗೆ ಹೋಗುತ್ತಿದ್ದ ಕ್ರೈಸ್ತರ ಧಾರ್ಮಿಕ ಪುಸ್ತಕಗಳಿಗೆ ಬೆಂಕಿ ಹಚ್ಚಲಾಯಿತು. 1958ರ ತೀರ್ಪಿನ ಬೆಳಕಿನಲ್ಲಿ ಸೆಕ್ಷನ್ 295 ಕುರಿತು ಕೇಳಲೇಬೇಕಾದ ಪ್ರಶ್ನೆ ಅಲ್ಲಿತ್ತು. ಎರಡೂ ಕಡೆಯವರು ರಾಜಿಯಾದರೆಂದು ಪೊಲೀಸರು ಹೇಳಿದರು.

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವದ ವೇಳೆ ದೇವರ ಗುಜ್ಜುಕೋಲು ಮುಟ್ಟಿದ ದಲಿತ ಬಾಲಕನ ಮನೆಯವರಿಗೆ ಊರ ಹಿರಿಯರು 60 ಸಾವಿರ ರೂಪಾಯಿ ದಂಡ ಹೇರಿದರು. ಕಟ್ಟದಿದ್ದರೆ ಊರು ಬಿಡಬೇಕೆಂದರು. ಮುಟ್ಟಿದ್ದೇ ತಪ್ಪು, ಉದ್ದೇಶ ಯಾರಿಗೂ ಬೇಡ. ದಂಡ ಹಾಕಿದವರ ಮೇಲೆ ಮಾಸ್ತಿ ಠಾಣೆಯಲ್ಲಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಮತ್ತು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಊರು ಅಪವಿತ್ರವೆಂದದ್ದನ್ನು ಕಾನೂನು ಹಕ್ಕೆಂದು ಕರೆಯಿತು. ದೌರ್ಜನ್ಯ ತಡೆ ಕಾಯ್ದೆಗೆ 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ ಇನ್ನೊಂದು ಹೆಜ್ಜೆ ಇಟ್ಟಿತ್ತು: ದಲಿತರು, ಆದಿವಾಸಿಗಳು ಪವಿತ್ರವೆಂದೋ ಪೂಜ್ಯವೆಂದೋ ಕಾಣುವ ವಸ್ತುವನ್ನು ಹಾಳುಗೆಡವುವುದೂ ದೌರ್ಜನ್ಯ.

ಉದ್ದೇಶದ ಷರತ್ತು ಗಟ್ಟಿಯಿದ್ದಾಗ 295ಎ ದುರ್ಬಲರನ್ನೂ ಕಾಯಬಲ್ಲದು. ಸಡಿಲವಾದರೆ ಗುಂಪು ಯಾರದು ದೊಡ್ಡದೋ ಅವರ ನೋವಷ್ಟೇ ಲೆಕ್ಕಕ್ಕೆ ಬರುತ್ತದೆ. 295ಎ ಮೊಕದ್ದಮೆಯನ್ನು ಕೋರ್ಟ್ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಬಂಧನಕ್ಕೆ ಮಾತ್ರ ಬೇಡ; ಆದ್ದರಿಂದ ಆರೋಪಿ ಮೊದಲೇ ಜೈಲು ಕಾಣುತ್ತಾನೆ, ಉದ್ದೇಶದ ವಿಚಾರಣೆ ಆಮೇಲೆ. ಆ ಅನುಮತಿಯನ್ನು ಬಂಧನಕ್ಕಿಂತ ಮುಂಚೆಗೆ ತಂದರೆ 1927ರ ಷರತ್ತಿಗೆ ನಿಜವಾದ ಅರ್ಥ ಬಂದೀತು.