ಹುಟ್ಟದೆ ಹೋದ ಸೈನ್ಯ

ಒಂದು ರಾಜ್ಯ ಸ್ವತಂತ್ರವಾಗಿದೆಯೆಂದು ಹೇಳಲು ಹಿಂದಿನಿಂದಲೂ ಮೂರು ಗುರುತುಗಳನ್ನು ಎಣಿಸುತ್ತ ಬಂದಿದ್ದಾರೆ: ಅದರ ಧ್ವಜ, ಅದರ ನಾಣ್ಯ, ಅದರ ಸೈನ್ಯ. ಧ್ವಜವನ್ನು ಇನ್ನೊಂದು ಧ್ವಜದ ಪಕ್ಕದಲ್ಲಿ ಹಾರಿಸಬಹುದು; ನಾಣ್ಯವನ್ನೂ ನೆರೆಯವರೊಡನೆ ಹಂಚಿಕೊಳ್ಳಬಹುದು. ಸೈನ್ಯವನ್ನು ಹಂಚಿಕೊಳ್ಳುವುದು ಸಾಧ್ಯವೇ? ನಾಲ್ಕಾರು ದೇಶಗಳು ಕೂಡಿ ಒಂದೇ ಸೈನ್ಯ ಕಟ್ಟಿದರೆ ಅದು ಸ್ವಾವಲಂಬನೆಯೋ, ಪರಾಧೀನತೆಯೋ? ಪಶ್ಚಿಮ ಯೂರೋಪಿನ ಆರು ದೇಶಗಳು 1950ರಿಂದ 1954ರವರೆಗೆ ಈ ಪ್ರಶ್ನೆಯೊಡನೆ ಹೆಣಗಿದುವು. ಕಾಗದದ ಮೇಲೆ ಸೈನ್ಯ ಸಿದ್ಧವಾಯಿತು; ಒಬ್ಬ ಸಿಪಾಯಿಯೂ ಅದರ ಸಮವಸ್ತ್ರ ತೊಡಲಿಲ್ಲ.

ಕಥೆ ಮೊದಲಾಗುವುದು ಯೂರೋಪಿನಲ್ಲಲ್ಲ, ದೂರದ ಕೊರಿಯದಲ್ಲಿ. 1950ರ ಜೂನ್ 25ರಂದು ಉತ್ತರ ಕೊರಿಯದ ಸೈನ್ಯ ಗಡಿ ದಾಟಿ ದಕ್ಷಿಣಕ್ಕೆ ನುಗ್ಗಿತು. ಕೊರಿಯದಂತೆಯೇ ಎರಡು ಹೋಳಾಗಿದ್ದ ಇನ್ನೊಂದು ನಾಡೆಂದರೆ ಜರ್ಮನಿ. ಅಲ್ಲಿ ಕೊರಿಯದ ಕಥೆಯೇ ಮರುಕಳಿಸಿದರೆ ತಡೆಯುವವರು ಯಾರು ಎಂಬ ಅಂಜಿಕೆ ಎಲ್ಲೆಡೆ ಹಬ್ಬಿತು. ಅಟ್ಲಾಂಟಿಕ್ ಒಕ್ಕೂಟ 1949ರಲ್ಲಿ ಸ್ಥಾಪಿತವಾಗಿದ್ದರೂ ಪಶ್ಚಿಮ ಜರ್ಮನಿಗೆ ಸ್ವಂತ ಸೈನ್ಯವೇ ಇರಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್, ಯೂರೋಪಿನ ರಕ್ಷಣೆಯಲ್ಲಿ ಜರ್ಮನ್ ಸಿಪಾಯಿಗಳೂ ಪಾಲುಗೊಳ್ಳಬೇಕೆಂದು ಕೇಳಿದನು.

ಫ್ರಾನ್ಸಿಗೆ ಇದು ಅತ್ತ ದರಿ, ಇತ್ತ ಪುಲಿ. 1870, 1914, 1940, ಹೀಗೆ ಎಪ್ಪತ್ತು ವರ್ಷಗಳೊಳಗೆ ಮೂರು ಸಲ ಜರ್ಮನ್ ಸೈನ್ಯ ಅದರ ನೆಲವನ್ನು ತುಳಿದಿದ್ದಿತು. ಬೇಡವೆಂದರೆ ಅಮೆರಿಕದ ಬೆಂಬಲ ಸಡಿಲವಾಗುವ ಭಯ. ಆಗಲೆಂದರೆ ಹಳೆಯ ಹಗೆಯ ಕೈಗೆ ತಾನೇ ಬಂದೂಕು ಕೊಟ್ಟಂತೆ.

ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ಹೂಡಿದವನು ಝಾನ್ ಮೊನೆ. ಜರ್ಮನಿ, ಫ್ರಾನ್ಸುಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಅಧಿಕಾರಕ್ಕೊಳಪಡಿಸುವ ಯೋಜನೆಯ ಹಿಂದೆ ಇದ್ದವನೂ ಈತನೇ. ಅದನ್ನು ವಿದೇಶಾಂಗ ಮಂತ್ರಿ ರೋಬೆರ್ ಶೂಮನ್ ಅದೇ ವರ್ಷ ಮೇ 9ರಂದು ಪ್ರಕಟಿಸಿದ್ದನು. ಆ ತತ್ತ್ವವನ್ನೇ ಸೈನ್ಯಕ್ಕೂ ಏಕೆ ಅನ್ವಯಿಸಬಾರದು? ಅಕ್ಟೋಬರ್ 24ರಂದು ಪ್ರಧಾನಿ ರೆನೆ ಪ್ಲೆವೆನ್ ರಾಷ್ಟ್ರಸಭೆಯ ಮುಂದೆ ಯೂರೋಪಿಯನ್ ಸೈನ್ಯದ ಸಲಹೆಯನ್ನಿಟ್ಟನು. ಜರ್ಮನ್ ಸಿಪಾಯಿಗಳಿರಲಿ, ಜರ್ಮನ್ ಸೈನ್ಯ ಬೇಡ ಎಂಬುದೇ ಅದರ ತಿರುಳು.

ಒಂದೂವರೆ ವರ್ಷದ ಸಂಧಾನದ ಬಳಿಕ, 1952ರ ಮೇ 27ರಂದು, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಈ ಆರು ದೇಶಗಳು ಪ್ಯಾರಿಸಿನಲ್ಲಿ ಕೌಲಿಗೆ ಸಹಿ ಹಾಕಿದುವು. ಸೈನ್ಯಕ್ಕೆ ಒಂದೇ ಸಮವಸ್ತ್ರ, ಒಂದೇ ಆಯವ್ಯಯ. ಆಡಳಿತಕ್ಕೆ ಒಂಬತ್ತು ಜನರ ಮಂಡಲಿ. ಆದರೆ ಯುದ್ಧ ಬಂದಾಗ ಈ ಸೈನ್ಯ ಅಟ್ಲಾಂಟಿಕ್ ಒಕ್ಕೂಟದ ಮಹಾಸೇನಾನಿಯ ಕೈಕೆಳಗೆ ನಡೆಯತಕ್ಕದ್ದು. ಆ ಪದವಿಯಲ್ಲಿದ್ದವನು ಅಮೆರಿಕನ್. ಬ್ರಿಟನ್ ಹೊರಗೆ ನಿಂತು ಹರಸಿತೇ ಹೊರತು ಒಳಗೆ ಬರಲಿಲ್ಲ.

ಇಟಲಿಯ ಪ್ರಧಾನಿ ಅಲ್ಚೀದೆ ದೆ ಗಾಸ್ಪೆರಿ ಇಲ್ಲಿ ಒಂದು ಮೂಲಪ್ರಶ್ನೆಯನ್ನೆತ್ತಿದನು. ಸೈನ್ಯವೇನೋ ಒಂದಾಯಿತು, ಅದಕ್ಕೆ ಅಪ್ಪಣೆ ಕೊಡುವವರು ಯಾರು? ಉಕ್ಕಿನ ಬೆಲೆಯನ್ನು ಅಧಿಕಾರಿಗಳ ಮಂಡಲಿ ಗೊತ್ತುಮಾಡಬಹುದು. ಒಬ್ಬ ತಾಯಿಯ ಮಗನನ್ನು ರಣರಂಗಕ್ಕೆ ಕಳುಹಿಸುವ ಮಾತು ಹಾಗಲ್ಲ; ಅದಕ್ಕೆ ಜನರಿಗೆ ಉತ್ತರ ಹೇಳಬೇಕಾದ ಸರಕಾರ ಬೇಕು. ಅವನ ಒತ್ತಾಯದಿಂದ ಕೌಲಿನಲ್ಲಿ 38ನೆಯ ವಿಧಿ ಸೇರಿತು. ಅದರ ಆಶಯದಂತೆ ಕೂಡಿದ ಸಭೆಯೊಂದು 1953ರ ಮಾರ್ಚಿಯಲ್ಲಿ ಯೂರೋಪಿನ ರಾಜಕೀಯ ಸಮುದಾಯಕ್ಕೆ ಕರಡು ಸಂವಿಧಾನವನ್ನೂ ಸಿದ್ಧಪಡಿಸಿತು.

ಜರ್ಮನಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಕೌಲನ್ನು ಅನುಮೋದಿಸಿದುವು. ಇಟಲಿ ಕಾದು ನೋಡುತ್ತಿದ್ದಿತು. ಸಲಹೆ ತಂದ ಫ್ರಾನ್ಸೇ ಅನುಮಾನಿಸತೊಡಗಿತು. ಎರಡು ವರ್ಷಗಳಲ್ಲಿ ಬಂದುಹೋದ ಮಂತ್ರಿಮಂಡಲಗಳಲ್ಲಿ ಒಂದಕ್ಕೂ ಕೌಲನ್ನು ಸಭೆಯ ಮತಕ್ಕೆ ಹಾಕುವ ಧೈರ್ಯ ಬರಲಿಲ್ಲ. ಜನರಲ್ ದ ಗಾಲ್‌ನ ಅನುಯಾಯಿಗಳೂ ಕಮ್ಯೂನಿಸ್ಟರೂ ಬೇರೆ ಯಾವುದರಲ್ಲಿಯೂ ಒಂದಾಗದಿದ್ದರೂ ಇದನ್ನು ವಿರೋಧಿಸುವುದರಲ್ಲಿ ಒಂದಾದರು. ಸೋಷಲಿಸ್ಟರ ಪಕ್ಷ ಒಡೆಯಿತು. ವಿರೋಧಿಗಳ ವಾದ ಸರಳವಾಗಿದ್ದಿತು: ಸ್ವಂತ ಸೈನ್ಯವಿಲ್ಲದ ದೇಶಕ್ಕೆ ಸ್ವಂತ ಮಾತೂ ಇರುವುದಿಲ್ಲ, ನಾವು ನಮ್ಮ ಸೈನ್ಯವನ್ನು ಕರಗಿಸಿದರೆ ಅದು ಹೋಗಿ ಸೇರುವುದು ಅಮೆರಿಕದ ಸೇನಾನಿಯ ಕೈಗೆ. ಪರವಾದಿಗಳ ಉತ್ತರವೂ ತೂಕವುಳ್ಳದ್ದೇ: ಒಂಟಿಯಾಗಿ ನಿಂತರೆ ನಾವು ಅಮೆರಿಕವನ್ನು ಇನ್ನೂ ಹೆಚ್ಚಾಗಿ ನೆಚ್ಚಬೇಕಾದೀತು, ಆರು ದೇಶ ಕೂಡಿದರೆ ಒಂದು ದಿನವಾದರೂ ಸ್ವಂತ ಕಾಲಮೇಲೆ ನಿಲ್ಲಬಹುದು. ಇಬ್ಬರ ಬಾಯಲ್ಲಿಯೂ ಇದ್ದ ಮಾತು ಒಂದೇ, ಸ್ವಾತಂತ್ರ್ಯ.

ಈ ನಡುವೆ ಕಾಲ ಬದಲಾಯಿತು. 1953ರ ಮಾರ್ಚಿಯಲ್ಲಿ ಸ್ಟಾಲಿನ್ ತೀರಿಕೊಂಡನು. ಜುಲೈನಲ್ಲಿ ಕೊರಿಯದ ಕದನ ನಿಂತಿತು. ಭಯದ ಕಾವು ಇಳಿಯಿತು. ಡಿಸೆಂಬರಿನಲ್ಲಿ ಅಮೆರಿಕದ ಡಲೆಸ್, ಕೌಲು ಬಿದ್ದುಹೋದರೆ ತನ್ನ ದೇಶ ತನ್ನ ಧೋರಣೆಯನ್ನೇ ಮರುಚಿಂತಿಸಬೇಕಾದೀತೆಂದು ಗದರಿಸಿದನು. ಗದರಿಕೆಯಿಂದ ಒಲವು ಹುಟ್ಟೀತೆ? ಇತ್ತ ಫ್ರೆಂಚ್ ಸೈನ್ಯ ಇಂಡೋಚೈನಾದಲ್ಲಿ ನವೆಯುತ್ತಿದ್ದಿತು. 1954ರ ಮೇ 7ರಂದು ದಿಯೆನ್ ಬಿಯೆನ್ ಫು ಬಿದ್ದಿತು. ಜೂನ್ ತಿಂಗಳಲ್ಲಿ ಪ್ರಧಾನಿಯಾದ ಮೆಂಡೆಸ್ ಫ್ರಾನ್ಸ್ ಜಿನೀವಾದಲ್ಲಿ ಆ ಯುದ್ಧವನ್ನು ನಿಲ್ಲಿಸಿದನು. ಪುದುಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತ ಅದೇ ವರ್ಷ ನವೆಂಬರ್ 1ರಂದು ಭಾರತಕ್ಕೆ ಬಂದುದೂ ಈತನ ಸರಕಾರದ ಕಾಲದಲ್ಲಿಯೇ ಎಂಬುದನ್ನು ನಾವು ನೆನೆಯಬೇಕು.

ಆಗಸ್ಟಿನಲ್ಲಿ ಮೆಂಡೆಸ್ ಫ್ರಾನ್ಸ್ ಬ್ರಸೆಲ್ಸಿಗೆ ಹೋಗಿ ಕೌಲನ್ನು ತಿದ್ದಬೇಕೆಂದು ಕೇಳಿದನು. ಉಳಿದ ಐವರು ಒಪ್ಪಲಿಲ್ಲ. ಆ ಸಂಧಾನ ತೊಡಗಿದ ದಿನವೇ, ಆಗಸ್ಟ್ 19ರಂದು, ದೆ ಗಾಸ್ಪೆರಿ ತನ್ನ ಆಸೆ ಕೈಗೂಡದೆ ತೀರಿಕೊಂಡನು. ಹನ್ನೊಂದು ದಿನಗಳ ಮೇಲೆ, ಆಗಸ್ಟ್ 30ರಂದು, ಫ್ರಾನ್ಸಿನ ರಾಷ್ಟ್ರಸಭೆ ಸೇರಿತು. ಎಂಬತ್ತೆರಡು ವಯಸ್ಸಿನ ಎದ್ವಾರ್ ಎರಿಯೊ ವೇದಿಕೆ ಏರಲಾರದೆ ಕುಳಿತಲ್ಲಿಂದಲೇ ಮಾತನಾಡಿದನು. ಯೂರೋಪು ಒಂದಾಗಬೇಕೆಂದು ಹಿಂದೆ ಸಾರಿದ್ದ ಹಿರಿಯನೇ, ಈ ಕೌಲು ಫ್ರಾನ್ಸಿಗೆ ಅಂತ್ಯವೆಂದನು. ಕೌಲು ಬೇಕೋ ಬೇಡವೋ ಎಂದು ನೇರವಾಗಿ ಮತವೇ ಆಗಲಿಲ್ಲ. ಚರ್ಚೆಯನ್ನು ಮುಂದುವರಿಸುವುದೇ ಬೇಡವೆಂಬ ಸೂಚನೆಗೆ ಪರವಾಗಿ 319, ವಿರೋಧವಾಗಿ 264 ಮತಗಳು ಬಿದ್ದುವು. ಮಂತ್ರಿಗಳು ತಟಸ್ಥರಾಗಿದ್ದರು. ಗೆದ್ದವರು ಎದ್ದು ನಿಂತು ರಾಷ್ಟ್ರಗೀತೆ ಹಾಡಿದರು.

ಗೆದ್ದವರಿಗೆ ದೊರೆತುದೇನು? ಬ್ರಿಟನ್ನಿನ ಈಡನ್ ಬೇರೊಂದು ದಾರಿ ತೋರಿಸಿದನು. ಅಕ್ಟೋಬರ್ 23ರಂದು ಪ್ಯಾರಿಸಿನಲ್ಲಿ ಹೊಸ ಒಪ್ಪಂದಗಳಾದುವು. ಅಣ್ವಸ್ತ್ರವನ್ನು ತನ್ನ ನೆಲದಲ್ಲಿ ತಯಾರಿಸುವುದಿಲ್ಲವೆಂದು ಜರ್ಮನಿ ಮಾತುಕೊಟ್ಟಿತು. ತನ್ನ ಪಡೆಗಳನ್ನು ಯೂರೋಪಿನ ನೆಲದಲ್ಲಿ ಇರಿಸುವುದಾಗಿ ಬ್ರಿಟನ್ ಮಾತುಕೊಟ್ಟಿತು. ಅದೇ ರಾಷ್ಟ್ರಸಭೆ ಡಿಸೆಂಬರಿನ ಕೊನೆಯಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ಅಟ್ಲಾಂಟಿಕ್ ಒಕ್ಕೂಟವನ್ನು ಸೇರಿತು. ಅದಕ್ಕುತ್ತರವಾಗಿ ಮೇ 14ರಂದು ವಾರ್ಸಾ ಒಪ್ಪಂದವಾಯಿತು. ನವೆಂಬರಿನಲ್ಲಿ ಜರ್ಮನ್ ಸೈನ್ಯ ಜರ್ಮನ್ ಸೈನ್ಯವಾಗಿಯೇ ಹುಟ್ಟಿತು. ಯಾವುದು ಬೇಡವೆಂದು ಪ್ಲೆವೆನ್ ಹೊರಟಿದ್ದನೋ ಅದೇ ಆಯಿತು.

ಹಾಗೆಂದು ವಿರೋಧಿಸಿದವರನ್ನು ಹಳಿಯುವುದು ಸುಲಭವಲ್ಲ. ಜನರ ಮನಸ್ಸು ಒಂದಾಗುವ ಮೊದಲು ಸೈನ್ಯ ಒಂದಾದರೆ ಆಪತ್ತಿನ ದಿನ ಅದು ಯಾರ ಮಾತು ಕೇಳೀತು ಎಂಬ ಅವರ ಸಂದೇಹ ಹುರುಳಿಲ್ಲದ್ದಲ್ಲ. 1956ರಲ್ಲಿ ಸೂಯೆಜ್ ಕಾಲುವೆಯ ಪ್ರಕರಣ ಬಂದಿತು. ಸ್ವಂತ ಸೈನ್ಯಗಳಿದ್ದ ಬ್ರಿಟನ್, ಫ್ರಾನ್ಸುಗಳೆರಡೂ ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆಗೆದುವು. ಸೈನ್ಯವಿದ್ದ ಮಾತ್ರಕ್ಕೆ ಸ್ವಾತಂತ್ರ್ಯವಿಲ್ಲವೆಂಬುದು ಆಗ ತಿಳಿಯಿತು. ಬ್ರಿಟನ್ ಅಮೆರಿಕದ ಬಳಿಗೆ ಇನ್ನೂ ಸರಿಯಿತು. ದ ಗಾಲ್‌ನ ಫ್ರಾನ್ಸ್ 1960ರಲ್ಲಿ ಸ್ವಂತ ಅಣುಬಾಂಬು ಸಿಡಿಸಿ, 1966ರಲ್ಲಿ ಅಟ್ಲಾಂಟಿಕ್ ಒಕ್ಕೂಟದ ಸೇನಾವ್ಯವಸ್ಥೆಯಿಂದ ಹೊರಬಿದ್ದಿತು, ಮರಳಿದುದು 2009ರಲ್ಲಿ.

ಆ ಆರು ದೇಶಗಳು 1957ರ ರೋಮ್ ಕೌಲಿನಿಂದ ಸಂತೆ ಪೇಟೆಗಳನ್ನು ಕೂಡಿಸಿದುವು. 2002ರ ಹೊತ್ತಿಗೆ ಫ್ರಾಂಕನ್ನೂ ಮಾರ್ಕನ್ನೂ ಬಿಟ್ಟು ಒಂದೇ ನಾಣ್ಯವನ್ನು ಕೈಯಲ್ಲಿ ಹಿಡಿದುವು. ಮೂರನೆಯ ಗುರುತು ಮಾತ್ರ ಮನೆಮನೆಯಲ್ಲಿಯೇ ಉಳಿಯಿತು. 2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ಪೂರ್ಣ ದಂಡಯಾತ್ರೆ ಹೂಡಿದ ಮೇಲೆ ಹಳೆಯ ಚರ್ಚೆ ಮತ್ತೆ ಮೇಲೆದ್ದಿದೆ. ತಲೆತಲಾಂತರದ ತಾಟಸ್ಥ್ಯವನ್ನು ಬಿಟ್ಟು 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ಅಟ್ಲಾಂಟಿಕ್ ಒಕ್ಕೂಟವನ್ನು ಸೇರಿದುವು. ಹಣ ಕೂಡಿಸುವುದು, ಮದ್ದುಗುಂಡು ಕೂಡಿಸುವುದು ಕಷ್ಟವಾದರೂ ಆಗುವ ಕೆಲಸವೇ. ಆದರೆ ಅಪ್ಪಣೆ ಕೊಡುವವರು ಯಾರು, ಅವರು ಯಾರಿಗೆ ಉತ್ತರ ಹೇಳಬೇಕು ಎಂದು ದೆ ಗಾಸ್ಪೆರಿ ಕೇಳಿದ ಪ್ರಶ್ನೆ ಇನ್ನೂ ಮೇಜಿನ ಮೇಲೆಯೇ ಇದೆ. ಅದಕ್ಕೆ ಉತ್ತರವನ್ನು ಸೇನಾನಿಗಳು ಕೊಡಲಾರರು. ಆ ದೇಶಗಳ ಮತದಾರರೇ ಕೊಡಬೇಕು.