ಹೆಣ್ಣು ಕೈಯ ಅಕ್ಷರ

ಐವತ್ತು ದಾಟಿದ ಮೇಲೆ ಹೊಸ ಲಿಪಿ ಕಲಿಯಲು ಹೊರಟವರಿಗೆ ಮೊದಲು ಎದುರು ನಿಲ್ಲುವುದು ಅವರ ಕೈಯೇ. ನಾಲಿಗೆ ಹೇಗೋ ಹೊರಳುತ್ತದೆ, ಕಿವಿ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಕೈ ಮಾತ್ರ ಹಟಮಾರಿ ಮಗುವಿನಂತೆ ತನಗೆ ಗೊತ್ತಿರುವ ಸುತ್ತುಗಳನ್ನೇ ಸುತ್ತುತ್ತಿರುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಪಳಗಿದ ನನ್ನ ಕೈ ಜಪಾನೀ ಅಕ್ಷರ ಬರೆಯಲು ಕೂತಾಗ ಹಾಗೆಯೇ ಮಾಡಿತು. ನಾಗೋಯಾದಲ್ಲಿ ಶಾಲೆಗೆ ಹೋಗುತ್ತಿರುವ ಮೊಮ್ಮಗಳಿಗೆ ಅವಳು ಕಲಿಯುವ ಅಕ್ಷರದಲ್ಲೇ ನಾಲ್ಕು ಸಾಲಿನ ಕಾಗದ ಬರೆಯಬೇಕೆಂಬುದು ನನ್ನ ಆಸೆ. ಫೋನಿನಲ್ಲಿ ಮಾತು ಎಷ್ಟು ಬೇಕಾದರೂ ಆಗುತ್ತದೆ, ಮುಖವೂ ಕಾಣುತ್ತದೆ. ಆದರೆ ಕೈಬರಹ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನನ್ನ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಅವಳ ಕೈಯ ಒಂದು ಗೆರೆಯೂ ನನ್ನ ಬಳಿ ಇಲ್ಲ.

ವಾರಕ್ಕೆರಡು ದಿನ ಪಾಠ ಹೇಳುವ ಟೀಚರ್‌ಗೆ ನನ್ನ ಮಗಳ ವಯಸ್ಸು. ಮೊದಲ ತಿಂಗಳ ಕೊನೆಯಲ್ಲಿ ನನ್ನ ಪುಸ್ತಕ ತಿರುವಿ ಹಾಕಿ, “ಅಮ್ಮಾ, ನೀವು ಅಕ್ಷರ ಬರೀತಿಲ್ಲ, ಅಕ್ಷರದ ಚಿತ್ರ ಬಿಡಿಸ್ತಿದ್ದೀರಿ” ಎಂದರು. ನೋಡಲು ಆಕಾರ ಸರಿಯಾಗಿಯೇ ಇತ್ತು. ಗೆರೆ ಎಲ್ಲಿ ಹುಟ್ಟಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ನನ್ನ ಕೈಗೆ ತಿಳಿದಿರಲಿಲ್ಲ. ಆ ದಾರಿ ಹುಡುಕುತ್ತಾ ಅಕ್ಷರಗಳ ಹಿಂದಿನ ಕಥೆಯನ್ನು ಓದತೊಡಗಿದೆ. ಓದಿದಷ್ಟೂ ಅಲ್ಲಿ ಹೆಂಗಸರೇ ಸಿಗುತ್ತಾ ಹೋದರು.

ಜಪಾನೀಯರಿಗೆ ಮೊದಲು ಸ್ವಂತ ಲಿಪಿ ಇರಲಿಲ್ಲ. ಚೀನಾದಿಂದ ಬಂದ ಅಕ್ಷರಗಳೇ ಅವರಿಗೆ ಆಧಾರ. ಇವನ್ನು ಅವರು ಕಾಂಜಿ ಎನ್ನುತ್ತಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ಅರ್ಥ. ಹತ್ತು ಹದಿನೈದು ಗೆರೆಗಳಿರುವ ಅಕ್ಷರಗಳೂ ಉಂಟು. ತಮ್ಮ ಮಾತಿನ ಉಚ್ಚಾರಣೆಯನ್ನು ಬರೆಯಬೇಕಾದಾಗ ಅವರು ಅರ್ಥವನ್ನು ಬದಿಗಿಟ್ಟು, ಕೆಲವು ಕಾಂಜಿಗಳ ಧ್ವನಿಯನ್ನಷ್ಟೇ ಬಳಸಿಕೊಂಡರು. ಕುಂಚ ಹಿಡಿದು ಬೇಗ ಬೇಗ ಬರೆಯುವಾಗ ಮೂಲೆಗಳು ಸವೆದವು, ಗೆರೆಗಳು ಒಂದಕ್ಕೊಂದು ಕೂಡಿಕೊಂಡವು. ಹೀಗೆ 9ನೇ ಶತಮಾನದ ಹೊತ್ತಿಗೆ ಹುಟ್ಟಿದ ಮೃದುವಾದ ಲಿಪಿಯೇ ಹಿರಗಾನ. ಆಸ್ಥಾನದ ಕಡತ, ಶಾಸ್ತ್ರ, ಪಾಂಡಿತ್ಯವೆಲ್ಲ ಚೀನೀ ಭಾಷೆಯಲ್ಲಿ; ಅದು ಗಂಡಸರ ವಿದ್ಯೆ. ಕವಿತೆ, ಕಾಗದ, ಮನಸ್ಸಿನ ಮಾತು ಈ ಮೃದು ಲಿಪಿಯಲ್ಲಿ. ಗಂಡಸರೂ ಇದನ್ನು ಬಳಸುತ್ತಿದ್ದರು. ಆದರೂ ಇದಕ್ಕೆ ಬಂದ ಹೆಸರು ‘ಒನ್ನಾದೆ’, ಅಂದರೆ ಹೆಣ್ಣಿನ ಕೈ.

ಹಿರಗಾನದ ಮೊದಲ ಅಕ್ಷರ ನಮ್ಮಂತೆಯೇ ‘ಅ’. ಅದು ಹುಟ್ಟಿದ್ದು ‘ನೆಮ್ಮದಿ’ ಎಂಬ ಅರ್ಥದ ಕಾಂಜಿಯಿಂದ. ಆ ಕಾಂಜಿಯಲ್ಲಿ ಮೇಲೊಂದು ಸೂರು, ಅದರ ಕೆಳಗೊಬ್ಬ ಹೆಂಗಸು! ಹೆಣ್ಣು ಮನೆಯೊಳಗಿದ್ದರೆ ಯಾರ ನೆಮ್ಮದಿ ಎಂದು ಕೇಳಬೇಕೆನಿಸಿದರೂ, ನನ್ನ ಕೈಗೆ ಇದರಿಂದ ಉಪಕಾರವಾಯಿತು. ಹಿರಗಾನದ ‘ಅ’ದಲ್ಲಿ ಸೂರು ಸವೆದು ಚಿಕ್ಕ ಅಡ್ಡಗೆರೆಯಾಗಿದೆ, ಕೆಳಗಿನ ಹೆಂಗಸು ಅಗಲವಾದ ಸುತ್ತಾಗಿದ್ದಾಳೆ. ನಾನು ಮೇಲಿನ ಗೆರೆಯನ್ನು ಉದ್ದ ಎಳೆದು ಕೆಳಗಿನ ಸುತ್ತನ್ನು ಕಡುಬಿನಂತೆ ಮುದುಡುತ್ತಿದ್ದೆ. ಸೂರು ಚಿಕ್ಕದು, ಹೆಂಗಸಿಗೆ ಜಾಗ ದೊಡ್ಡದು ಎಂದು ಗೊತ್ತಾದ ಮೇಲೆ ಅಕ್ಷರ ತಾನಾಗಿ ನೆಟ್ಟಗೆ ಕೂತಿತು. ಹಾಗೆಯೇ ‘ಮೆ’ ಅಕ್ಷರ ‘ಹೆಣ್ಣು’ ಎಂಬ ಕಾಂಜಿಯಿಂದಲೇ ಬಂದದ್ದು. ಅದರ ಜೋಡಿಯಂತೆ ಕಂಡು ಕಲಿಯುವವರನ್ನೆಲ್ಲ ಗೊಂದಲಕ್ಕೆ ಕೆಡಹುವ ‘ನು’ ಬಂದದ್ದು ‘ಆಳು’ ಎಂಬ ಅರ್ಥದ ಕಾಂಜಿಯಿಂದ. ಅದರಲ್ಲಿ ಹೆಣ್ಣಿನ ಪಕ್ಕಕ್ಕೆ ಇನ್ನೊಂದು ಭಾಗವಿದೆ. ‘ನು’ವಿನ ಕೊನೆಯಲ್ಲಿರುವ ಪುಟ್ಟ ಕುಣಿಕೆ ಅದರ ಕುರುಹು. ಇದನ್ನು ತಿಳಿದ ಮೇಲೆ ಆ ಎರಡೂ ನನಗೆ ಅದಲುಬದಲಾಗಿಲ್ಲ.

ಸೂರಿನ ಕೆಳಗಿದ್ದ ಆ ಹೆಂಗಸರು ಸುಮ್ಮನೆ ಕೂತಿರಲಿಲ್ಲ. 11ನೇ ಶತಮಾನದ ಆರಂಭದಲ್ಲಿ ‘ಗೆಂಜಿಯ ಕಥೆ’ ಎಂಬ 54 ಅಧ್ಯಾಯಗಳ ಮಹಾಕಥನವನ್ನು ಬರೆದ ಮುರಾಸಾಕಿ ಶಿಕಿಬು ತನ್ನ ದಿನಚರಿಯಲ್ಲಿ ಬಾಲ್ಯದ ಸಂಗತಿಯೊಂದನ್ನು ಹೇಳುತ್ತಾಳೆ. ತಮ್ಮನೋ ಅಣ್ಣನೋ, ಮನೆಯ ಹುಡುಗನಿಗೆ ಚೀನೀ ಪಾಠ ನಡೆಯುವಾಗ ಇವಳು ಪಕ್ಕದಲ್ಲಿ ಕೂತು ಕೇಳಿಯೇ ಅವನಿಗಿಂತ ಚೆನ್ನಾಗಿ ಕಲಿತಳಂತೆ. ಅದನ್ನು ಕಂಡ ತಂದೆ, ಇವಳು ಗಂಡಾಗಿ ಹುಟ್ಟಬಾರದಿತ್ತೆ ಎಂದು ಮರುಗಿದರಂತೆ. ಮುಂದೆ ಅರಮನೆಯಲ್ಲಿ, ತೆರೆಯ ಮೇಲೆ ಬರೆದಿದ್ದ ಚೀನೀ ಅಕ್ಷರಗಳನ್ನು ಓದಲು ಬಾರದವಳಂತೆ ಆಕೆ ನಟಿಸುತ್ತಿದ್ದಳು. ಮಹಾರಾಣಿ ಶೋಶಿಗೆ ಚೀನೀ ಕವಿತೆಗಳನ್ನು ಪಾಠ ಹೇಳಿದ್ದೂ ಗುಟ್ಟಾಗಿಯೇ. ಬಲ್ಲ ಅಕ್ಷರವನ್ನು ಬಚ್ಚಿಟ್ಟುಕೊಳ್ಳಬೇಕಾದ ಸಂಕಟವನ್ನು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಾಲದ ಸೇಯ್ ಶೋನಾಗೋನ್ ತನ್ನ ‘ದಿಂಬಿನ ಪುಸ್ತಕ’ದಲ್ಲಿ ಮುರಕಾಮಿ ಚಕ್ರವರ್ತಿಯ ರಾಣಿಯೊಬ್ಬಳ ವಿಷಯ ಹೇಳುತ್ತಾಳೆ. ಅವಳು ಹುಡುಗಿಯಾಗಿದ್ದಾಗ ತಂದೆ ಮೂರು ಬುದ್ಧಿಮಾತು ಹೇಳಿದ್ದರು: ಮೊದಲು ಕೈಬರಹ ಕಲಿ, ಆಮೇಲೆ ತಂತಿವಾದ್ಯ, ಆಮೇಲೆ ‘ಕೊಕಿನ್‌ಶೂ’ ಕವಿತಾ ಸಂಕಲನದ ಇಪ್ಪತ್ತೂ ಸಂಪುಟಗಳನ್ನು ಬಾಯಿಪಾಠ ಮಾಡು. ಕೈಬರಹಕ್ಕೆ ಮೊದಲ ಸ್ಥಾನ ಯಾಕೆಂದರೆ, ತೆರೆಯ ಮರೆಯಲ್ಲಿರುತ್ತಿದ್ದ ಹೆಂಗಸು ಹೊರಗಿನವರಿಗೆ ಮೊದಲು ಕಾಣಿಸುತ್ತಿದ್ದುದು ಅವಳ ಕಾಗದದ ಮೂಲಕ. ಅಕ್ಷರ ನೋಡಿ ಗುಣ ಅಳೆಯುತ್ತಿದ್ದರು, ಪ್ರೀತಿಸುತ್ತಿದ್ದರು, ಬಿಟ್ಟೂ ಬಿಡುತ್ತಿದ್ದರು. ವಧುಪರೀಕ್ಷೆಯಲ್ಲಿ ಹಾಡು ಹೇಳಿಸುವ ನಮಗೆ ಇದೇನೂ ವಿಚಿತ್ರವಾಗಿ ತೋರದು. ಇದಕ್ಕೂ ಮೊದಲು, 935ರ ಸುಮಾರಿಗೆ, ಕೊಕಿನ್‌ಶೂ ಸಂಪಾದಕರಲ್ಲಿ ಒಬ್ಬನಾದ ಕಿ ನೊ ತ್ಸುರಾಯುಕಿ ತನ್ನ ಪ್ರಯಾಣದ ದಿನಚರಿಯನ್ನು ಹೆಂಗಸೊಬ್ಬಳು ಬರೆದಂತೆ ಬರೆದ. ಆ ದಿನಚರಿಯಲ್ಲಿ ಸತ್ತ ಮಗಳ ದುಃಖ ಮತ್ತೆ ಮತ್ತೆ ಬರುತ್ತದೆ. ಅದನ್ನು ಹೇಳಿಕೊಳ್ಳಲು ಆ ಪಂಡಿತನಿಗೂ ಹೆಣ್ಣಿನ ಕೈಯೇ ಬೇಕಾಯಿತು.

ಇಷ್ಟು ಹೇಳಿದರೆ ಹೆಣ್ಣಿನ ಬರಹವೆಂದರೆ ಯಾವಾಗಲೂ ನವಿರು, ನಯ ಎಂದುಕೊಳ್ಳುತ್ತೀರೇನೋ! ನಾರಾ ನಗರದ ಶೋಸೋಇನ್ ಭಂಡಾರದಲ್ಲಿ ಮಹಾರಾಣಿ ಕೋಮ್ಯೋ 744ರಲ್ಲಿ ನಕಲು ಮಾಡಿದ ಚೀನೀ ಪ್ರಬಂಧವೊಂದಿದೆ. 4ನೇ ಶತಮಾನದ ಲಿಪಿಕಾರ ವಾಂಗ್ ಷೀಝಿಯ ಬರಹವನ್ನು ಮಾದರಿಯಾಗಿಟ್ಟುಕೊಂಡು ಬರೆದದ್ದು. ಅದರ ಚಿತ್ರ ನೋಡಿ ಬೆರಗಾದೆ. ಕುಂಚವನ್ನು ಒತ್ತಿ ಹಿಡಿದು, ಅಳುಕಿಲ್ಲದೆ ಎಳೆದ ಗಟ್ಟಿ ಗೆರೆಗಳು. ಕೊನೆಯಲ್ಲಿ ಸಹಿ ಮಾಡುವಾಗ ಆಕೆ ಮಹಾರಾಣಿ ಎಂದು ಬರೆದುಕೊಳ್ಳಲಿಲ್ಲ. ತಾನು ಫುಜಿವಾರಾ ಮನೆತನದ ಮೂರನೆಯ ಮಗಳು ಎಂದು ಬರೆದಳು.

ಮಾದರಿ ನೋಡಿ ನಕಲು ಮಾಡುವ ಈ ಪದ್ಧತಿ ಇಂದಿಗೂ ಅಲ್ಲಿ ಉಳಿದಿದೆ. ಮೂರನೆಯ ತರಗತಿಯಿಂದ ಮಕ್ಕಳು ಕುಂಚ ಹಿಡಿಯುತ್ತಾರೆ. ಹೊಸ ವರ್ಷದ ಎರಡನೆಯ ದಿನ ವರ್ಷದ ಮೊದಲ ಬರಹ ಬರೆಯುವ ಸಂಪ್ರದಾಯವೂ ಇದೆ. ನಾನು ಪೆನ್ಸಿಲಿನಲ್ಲೇ ಬರೆಯುವವಳು. ಆದರೂ ಗೆರೆಯ ಕೊನೆಯನ್ನು ಕುಂಚವೇ ನಿರ್ಧರಿಸಿದೆ. ಗೆರೆ ಮುಗಿಯುವುದು ಮೂರು ಬಗೆ: ಒತ್ತಿ ನಿಲ್ಲಿಸುವುದು, ಚಿಮ್ಮಿಸಿ ಎತ್ತುವುದು, ಗುಡಿಸಿದಂತೆ ಹಗುರವಾಗಿ ಬಿಡುವುದು. ಸಾಮಾನ್ಯವಾಗಿ ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡ ಮೊದಲು, ಬಲ ಆಮೇಲೆ. ನಾಲ್ಕು ಗೋಡೆಯಂಥ ಚೌಕವಿದ್ದರೆ, ಒಳಗಿನವರು ಬಂದು ಸೇರಿದ ಮೇಲೆಯೇ ಕೆಳಗಿನ ಬಾಗಿಲು ಹಾಕಬೇಕು. ‘ಬಲ’ ಮತ್ತು ‘ಎಡ’ ಎಂಬ ಕಾಂಜಿಗಳ ತಲೆ ಒಂದೇ ಥರ ಕಾಣುತ್ತದೆ, ಆದರೆ ಬರೆಯುವ ಕ್ರಮ ಬೇರೆ. ಎರಡೂ ಮೊದಲು ಕೈಯ ಚಿತ್ರಗಳು. ಬೆರಳಿನ ಗೆರೆ ಮೊದಲು, ತೋಳಿನ ಗೆರೆ ಆಮೇಲೆ ಎಂದು ಟೀಚರ್ ಹೇಳಿಕೊಟ್ಟರು. ಆದ್ದರಿಂದ ‘ಬಲ’ದಲ್ಲಿ ಓರೆಗೆರೆ ಮೊದಲು, ‘ಎಡ’ದಲ್ಲಿ ಅಡ್ಡಗೆರೆ ಮೊದಲು. ಮೊದಲು ಬರುವ ಗೆರೆ ಗಿಡ್ಡ, ಆಮೇಲಿನದು ಉದ್ದ. ಕ್ರಮ ಸರಿಯಾದರೆ ಅಳತೆಯೂ ಸರಿಹೋಗುತ್ತದೆ.

ನಡುವೆ ಚುಕ್ಕೆಗೆರೆಯ ಅಡ್ಡ-ಉದ್ದ ಹಾಕಿದ ಚೌಕುಳಿ ಪುಸ್ತಕ ತಂದುಕೊಂಡೆ. ದಿನಕ್ಕೆ ಐದೇ ಅಕ್ಷರ, ಒಂದೊಂದು ಹತ್ತು ಸಲ. ಹೊಸ ಅಕ್ಷರಗಳಲ್ಲೂ ಹಳೆಯ ನೆಂಟಸ್ತಿಕೆ ಕಂಡಾಗ ಉತ್ಸಾಹ ಹೆಚ್ಚಿತು. ಅವರ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಆರಂಭವಾಗಿ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತದ ವರ್ಣಕ್ರಮವೇ ಇದರ ಹಿಂದಿದೆ. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯ್ ಅಂಥವರಲ್ಲಿ ಪ್ರಸಿದ್ಧ. ಆತ ಮಹಾ ಲಿಪಿಕಾರ. ಅಂಥವನ ಕುಂಚವೂ ತಪ್ಪುವುದುಂಟು ಎಂಬ ಗಾದೆ ಜಪಾನಿನಲ್ಲಿದೆ. ನನ್ನಂಥವರಿಗೆ ಅದೊಂದು ಸಮಾಧಾನ.

ಒಂದು ಧ್ವನಿಗೆ ಒಂದೇ ಹಿರಗಾನ ಎಂದು ಶಾಲೆಗಳಿಗೆ ಗೊತ್ತುಮಾಡಿದ್ದು 1900ರಲ್ಲಿ. ಅಲ್ಲಿಯವರೆಗೆ ಒಂದೊಂದು ಧ್ವನಿಗೂ ಹಲವು ರೂಪಗಳಿದ್ದವು. ಆ ಹಳೆಯ ಬಳಕೆಯಲ್ಲೇ ಬರೆದವಳು ಹಿಗುಚಿ ಇಚಿಯೋ. ಹೆಣ್ಣಿಗೆ ಹೆಚ್ಚು ಓದು ಬೇಡವೆಂದು ತಾಯಿ ಅವಳನ್ನು 1883ರಲ್ಲಿ ಶಾಲೆ ಬಿಡಿಸಿದರು. ಕವಿತೆಯ ಪಾಠಶಾಲೆಗೆ ಸೇರಿ ಮತ್ತೆ ಅಕ್ಷರಕ್ಕೆ ಮರಳಿದಳು. ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಹೊತ್ತು ಚಿಲ್ಲರೆ ಅಂಗಡಿ ಇಟ್ಟಳು, ಕಥೆ ಬರೆದಳು. 1896ರಲ್ಲಿ ಹೆಂಗಸರಿಗಾಗಿ ಕಾಗದ ಬರೆಯುವ ಕೈಪಿಡಿಯೊಂದನ್ನೂ ಪ್ರಕಟಿಸಿದಳು. ಅದೇ ವರ್ಷ ಕ್ಷಯದಿಂದ ತೀರಿಕೊಂಡಾಗ ಅವಳಿಗೆ 24 ವರ್ಷ. 2004ರಲ್ಲಿ ಜಪಾನಿನ ಐದು ಸಾವಿರ ಯೆನ್ ನೋಟಿನ ಮೇಲೆ ಅವಳ ಮುಖ ಬಂತು.

2024ರಲ್ಲಿ ಬಂದ ಹೊಸ ನೋಟಿನ ಮೇಲಿರುವವಳು ತ್ಸುದಾ ಉಮೆಕೊ. 1871ರಲ್ಲಿ, ಇನ್ನೂ ಆರು ವರ್ಷದವಳಾಗಿದ್ದಾಗ, ಓದಿಗೆಂದು ಅವಳನ್ನು ಅಮೆರಿಕಕ್ಕೆ ಕಳಿಸಿದರು. 1882ರಲ್ಲಿ ಮರಳಿ ಬಂದಾಗ ತಾಯ್ನುಡಿಯೇ ಮರೆತುಹೋಗಿತ್ತು. ಹೆತ್ತವರೊಡನೆ ಮಾತಾಡಲೂ ತೊಡಕು. ಹದಿನೇಳರ ಹರೆಯದಲ್ಲಿ ಮೊದಲಿನಿಂದ ಭಾಷೆ ಕಲಿತಳು. 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. ಇಂದು ಅದು ವಿಶ್ವವಿದ್ಯಾಲಯ.

ಅಕ್ಷರ ಕಲಿಯುವುದಕ್ಕೆ ಕನ್ನಡದಲ್ಲಿ ‘ತಿದ್ದುವುದು’ ಎಂಬ ಮಾತಿದೆ. ಗುರು ಬರೆದುಕೊಟ್ಟ ಗೆರೆಯ ಮೇಲೆಯೇ ಮತ್ತೆ ಮತ್ತೆ ಬರೆಯುವುದು. ಹೊಸ ಲಿಪಿ ಕಲಿಯಬೇಕೆಂದಿರುವ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟೇ: ಚೆಂದವಾಗಿ ಬರೆಯಲು ಹೊರಡಬೇಡಿ, ಗೆರೆ ಬಂದ ದಾರಿಯಲ್ಲೇ ಹೋಗಿ. ಆ ದಾರಿಯನ್ನು ಸವೆಸಿದವರಲ್ಲಿ ನಮ್ಮಂಥವರು ಬಹಳ ಮಂದಿ ಇದ್ದಾರೆ. ಅವರು ನಡೆದಲ್ಲಿ ನಡೆದರೆ ಚೆಂದ ತಾನಾಗಿ ಬರುತ್ತದೆ. ತಡವಾಗಿಯಾದರೂ ಬರುತ್ತದೆ.