ಜಾಮೀನು ನಿಲ್ಲುವವರು ಯಾರು?

ಯಾವುದಾದರೂ ತಾಲ್ಲೂಕು ನ್ಯಾಯಾಲಯದ ಆವರಣಕ್ಕೆ ಬೆಳಗಿನ ಹನ್ನೊಂದರ ಹೊತ್ತಿಗೆ ಹೋಗಿ ನೋಡಿ. ಪಹಣಿ ಪತ್ರಿಕೆ, ಗುರುತಿನ ಚೀಟಿ, ಅವುಗಳ ಒಂದೆರಡು ಜೆರಾಕ್ಸ್ ಪ್ರತಿ ಹಿಡಿದುಕೊಂಡು ಮರದ ನೆರಳಲ್ಲಿ ಕಾಯುತ್ತಿರುವವರು ಒಬ್ಬರಾದರೂ ಕಾಣಸಿಗುತ್ತಾರೆ. ಅವರ ಮೇಲೆ ಯಾವ ಮೊಕದ್ದಮೆಯೂ ಇರುವುದಿಲ್ಲ. ತಮ್ಮನೋ, ಭಾವಮೈದುನನೋ, ಊರಿನ ಹುಡುಗನೋ ಯಾವುದೋ ಜಗಳದಲ್ಲಿ ಸಿಕ್ಕಿಬಿದ್ದಿರುತ್ತಾನೆ. ಅವನಿಗೆ ಹೊಣೆ ನಿಲ್ಲಲು ಬಂದವರು ಇವರು. ಹೆಸರು ಕೂಗಿದಾಗ ಒಳಗೆ ಹೋಗುತ್ತಾರೆ. "ಈತ ನಿಮಗೆ ಏನಾಗಬೇಕು? ಎಷ್ಟು ವರ್ಷದಿಂದ ಗೊತ್ತು? ವಿಚಾರಣೆಗೆ ಬಾರದಿದ್ದರೆ ಹಣ ಕಟ್ಟುತ್ತೀರಾ?" ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಮುಚ್ಚಳಿಕೆಗೆ ರುಜು ಹಾಕಿ ಹೊರಬರುತ್ತಾರೆ. ಹುಡುಗ ಮನೆ ಸೇರುತ್ತಾನೆ.

ಹೀಗೆ ನಿಲ್ಲಲು ಯಾರೂ ಇಲ್ಲದವನ ಗತಿಯೇನು? ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಬಹಳ ದೀರ್ಘವಾದ ಇತಿಹಾಸವಿದೆ. ಅದರ ಒಂದು ಕೊಂಡಿ ನಮ್ಮ ಬಸವಕಲ್ಯಾಣದಲ್ಲೇ ಇದೆ.

ಮೊದಲು ಪದದ ವಿಚಾರ. 'ಜಾಮೀನು' ಎಂಬುದು ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದ ಮಾತು. ಮೂಲದಲ್ಲಿ ಅದರ ಅರ್ಥ ಹೊಣೆಗಾರ, ಅಂದರೆ ಮನುಷ್ಯ, ಹಣವಲ್ಲ. ನಮ್ಮದೇ ಆದ 'ಹೊಣೆ' ಎಂಬ ಪದವೂ ಅದನ್ನೇ ಹೇಳುತ್ತದೆ. ಸಂಸ್ಕೃತದ ಧರ್ಮಶಾಸ್ತ್ರಗಳು ಇಂಥವನನ್ನು 'ಪ್ರತಿಭೂ' ಎಂದು ಕರೆದವು. ಒಬ್ಬನ ಬದಲಿಗೆ ನಿಲ್ಲುವವನು ಎಂದು ಅದರ ತಾತ್ಪರ್ಯ.

ಯಾಜ್ಞವಲ್ಕ್ಯ ಸ್ಮೃತಿ ಪ್ರತಿಭೂಗಳಲ್ಲಿ ಮೂರು ಬಗೆಯನ್ನು ಹೇಳುತ್ತದೆ. ಕರೆದಾಗ ಆ ವ್ಯಕ್ತಿಯನ್ನು ತಂದು ತೋರಿಸುತ್ತೇನೆ ಎನ್ನುವವನು ಒಬ್ಬ. ಈತ ನಂಬಿಕಸ್ಥ ಎಂದು ಹೇಳುವವನು ಇನ್ನೊಬ್ಬ. ಅವನು ಕೊಡದಿದ್ದರೆ ನಾನೇ ಕೊಡುತ್ತೇನೆ ಎನ್ನುವವನು ಮೂರನೆಯವನು. ಈ ಮಾತು ಹೆಚ್ಚಾಗಿ ಸಾಲದ ವ್ಯವಹಾರಕ್ಕೆ ಸಂಬಂಧಿಸಿದ್ದು ನಿಜ. ಆದರೂ ಇಲ್ಲಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲ ಇಬ್ಬರ ಮಾತು ಸುಳ್ಳಾದರೆ ತೆರಬೇಕಾದವರು ಅವರು ಮಾತ್ರ. ಮೂರನೆಯವನ ಹೊಣೆಯಾದರೋ ಅವನ ಮಕ್ಕಳ ಮೇಲೂ ಬೀಳುತ್ತದೆ. ಮನುಷ್ಯನನ್ನು ಹಾಜರುಪಡಿಸುವ ಹೊಣೆ ಬೇರೆ, ಹಣದ ಹೊಣೆ ಬೇರೆ ಎಂಬ ತಿಳಿವಳಿಕೆ ಅಂದೇ ಇತ್ತು. ಇಂದು ನಮ್ಮ ನ್ಯಾಯಾಲಯಗಳಲ್ಲಿ ಇವೆರಡೂ ಒಂದೇ ಕಾಗದದಲ್ಲಿ ಬೆರೆತುಹೋಗಿವೆ.

ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನಿದ್ದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ವ್ಯಾಜ್ಯ ಹೂಡಿದ ಇಬ್ಬರಿಂದಲೂ ಸಮರ್ಥರಾದ ಹೊಣೆಗಾರರನ್ನು ತೆಗೆದುಕೊಳ್ಳಬೇಕು ಎಂದು ಸ್ಮೃತಿ ಹೇಳುತ್ತದೆ. ಹೊಣೆಗಾರ ಸಿಗದಿದ್ದರೆ? ವಿಜ್ಞಾನೇಶ್ವರ ಇದಕ್ಕೆ ಕಾತ್ಯಾಯನನ ಮಾತನ್ನು ಉದಾಹರಿಸುತ್ತಾನೆ. ಅಂಥವನನ್ನು ಕಾವಲಿನಲ್ಲಿ ಇಡಬೇಕು. ದಿನ ಮುಗಿದ ಮೇಲೆ ಆ ಕಾವಲುಗಾರನ ಕೂಲಿಯನ್ನು ಅವನೇ ಕೊಡಬೇಕು! ಹೊಣೆ ನಿಲ್ಲಲು ಜನವಿಲ್ಲದವನು ಕಾವಲೂ ಇರಬೇಕು, ಕಾವಲಿನ ಖರ್ಚನ್ನೂ ಭರಿಸಬೇಕು. ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದ ವಿದ್ವಾಂಸನ ಮುಂದೆ ನಮ್ಮ ಪ್ರಶ್ನೆ ಬಂದು ನಿಂತಿತ್ತು. ಅವನಿಗೆ ಸಿಕ್ಕ ಉತ್ತರ ಬಡವನ ಪರವಾಗಿರಲಿಲ್ಲ.

ಇಂದು ನಾವು ಅನುಸರಿಸುವ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ 1275ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಲದ ವೆಸ್ಟ್‌ಮಿನ್‌ಸ್ಟರ್ ಶಾಸನವು ಯಾವ ಅಪರಾಧಕ್ಕೆ ಜಾಮೀನು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ವಿಂಗಡಿಸಿತು. ಹನ್ನೆರಡು ಪೆನ್ನಿಯನ್ನು ಮೀರದ ಕಳವು ಮಾಡಿದವನು, ಹಿಂದೆ ಕದ್ದವನಲ್ಲದಿದ್ದರೆ, ಜಾಮೀನಿಗೆ ಅರ್ಹನಾಗಿದ್ದ. ಜಿಲ್ಲೆಗಳ ಷೆರೀಫರು ಮನಸ್ಸಿಗೆ ಬಂದವರನ್ನು ಬಿಟ್ಟು, ಹಣ ಕೊಡದವರನ್ನು ಕೂಡಿಹಾಕುತ್ತಿದ್ದುದೇ ಈ ಶಾಸನಕ್ಕೆ ಕಾರಣ. ಮುಂದೆ ಜಾಮೀನಿನ ಮೊತ್ತವನ್ನೇ ಯಾರೂ ಕಟ್ಟಲಾಗದಷ್ಟು ಏರಿಸುವ ಉಪಾಯ ಹುಟ್ಟಿಕೊಂಡಿತು. 1689ರ ಹಕ್ಕುಗಳ ಮಸೂದೆ ವಿಪರೀತ ಜಾಮೀನು ಕೇಳಬಾರದು ಎಂದು ಅದನ್ನು ತಡೆಯಿತು.

ಬ್ರಿಟಿಷರು ಭಾರತದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯನ್ನು ಮೊದಲು 1861ರಲ್ಲಿ ತಂದರು. ಹಲವು ಸಲ ತಿದ್ದಿ ಬರೆದ ಮೇಲೆ 1898ರ ಸಂಹಿತೆ ಬಂದು ಮುಕ್ಕಾಲು ಶತಮಾನ ನಡೆಯಿತು. ಅಪರಾಧಗಳಲ್ಲಿ ಎರಡು ಬಗೆ: ಜಾಮೀನು ಪಡೆಯಬಹುದಾದವು, ಜಾಮೀನು ರಹಿತವಾದವು. ಅಜಾಗರೂಕತೆಯಿಂದ ವಾಹನ ಓಡಿಸುವುದು, ಇನ್ನೊಬ್ಬರ ಜಾಗಕ್ಕೆ ಅಕ್ರಮವಾಗಿ ನುಗ್ಗುವುದು ಮುಂತಾದ ಸಣ್ಣ ಆಪಾದನೆಗಳು ಮೊದಲ ಬಗೆಗೆ ಸೇರುತ್ತವೆ. ಇವುಗಳಲ್ಲಿ ಜಾಮೀನು ಆರೋಪಿಯ ಹಕ್ಕು, ಯಾರ ಕೃಪೆಯೂ ಅಲ್ಲ. ನ್ಯಾಯಾಲಯದವರೆಗೂ ಹೋಗಬೇಕಿಲ್ಲ, ಠಾಣೆಯ ಅಧಿಕಾರಿಯೇ ಬಿಡಬೇಕು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ಸಿನಿಮಾಗಳಲ್ಲಿ ನೋಡಿ ಅನೇಕರು ಜಾಮೀನೆಂದರೆ ಮೊದಲೇ ಹಣ ಕಟ್ಟಿ ಬಿಡಿಸಿಕೊಳ್ಳುವುದು ಎಂದು ತಿಳಿದಿದ್ದಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದೊಂದು ವ್ಯಾಪಾರವೇ ಆಗಿದೆ. ಮೊತ್ತದ ಸುಮಾರು ಹತ್ತನೆಯ ಒಂದು ಭಾಗವನ್ನು ಶುಲ್ಕವಾಗಿ ಪಡೆದು ಜಾಮೀನು ನಿಲ್ಲುವ ಅಂಗಡಿಗಳು ಅಲ್ಲಿವೆ. ಆರೋಪಿ ನಿರಪರಾಧಿ ಎಂದು ತೀರ್ಮಾನವಾದರೂ ಆ ಶುಲ್ಕ ಮರಳುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಆರೋಪಿ ಒಂದು ಮುಚ್ಚಳಿಕೆ ಬರೆದುಕೊಡುತ್ತಾನೆ, ಜಾಮೀನುದಾರ ಇನ್ನೊಂದು. ಹತ್ತು ಸಾವಿರದ ಮುಚ್ಚಳಿಕೆ ಎಂದರೆ ತಪ್ಪಿಸಿಕೊಂಡರೆ ಹತ್ತು ಸಾವಿರ ಕೊಡುತ್ತೇನೆ ಎಂಬ ಮಾತು, ಅಷ್ಟೆ. ಆದರೆ ಹಾಗೆ ಮಾತು ಕೊಡಲು ಆಸ್ತಿಯ ಆಧಾರ ತೋರಿಸಬೇಕು. ಬಡವನ ತೊಡಕು ಶುರುವಾಗುವುದು ಇಲ್ಲಿ.

1898ರ ಸಂಹಿತೆಗೆ ಇದು ತಿಳಿಯದೆ ಇರಲಿಲ್ಲ. ಜಾಮೀನು ಪಡೆಯಬಹುದಾದ ಅಪರಾಧಗಳಲ್ಲಿ, ಅಧಿಕಾರಿಗೆ ಸರಿಕಂಡರೆ, ಜಾಮೀನುದಾರರಿಲ್ಲದೆ ಆರೋಪಿಯ ಸ್ವಂತ ಮುಚ್ಚಳಿಕೆಯ ಮೇಲೇ ಬಿಡಬಹುದು ಎಂದು ಅದರಲ್ಲಿ ಬರೆದಿತ್ತು. 'ಬಿಡಬಹುದು' ಎಂದಿತ್ತು, 'ಬಿಡತಕ್ಕದ್ದು' ಎಂದಲ್ಲ. ಈ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ದಾಟಲು ನಮಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1973ರ ಹೊಸ ಸಂಹಿತೆ ಬಂದಾಗಲೂ ಆ 'ಬಹುದು' ಹಾಗೆಯೇ ಉಳಿಯಿತು.

ಈಗ 1978ಕ್ಕೆ ಬರೋಣ. ಮಧ್ಯಪ್ರದೇಶದಲ್ಲಿ ಮೋತಿರಾಮ್ ಎಂಬ ಬಡ ಗಾರೆ ಕೆಲಸದವನೊಬ್ಬ ಶಿಕ್ಷೆಗೊಳಗಾಗಿ ಮೇಲ್ಮನವಿ ಸಲ್ಲಿಸಿದ್ದ. ಅವನನ್ನು ಜಾಮೀನಿನ ಮೇಲೆ ಬಿಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಷರತ್ತುಗಳನ್ನು ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತು. ಅವರು 10,000 ರೂಪಾಯಿಯ ಜಾಮೀನು ಕೇಳಿದರು. ಅಂದಿನ ಹತ್ತು ಸಾವಿರವೆಂದರೆ ಗಾರೆಯವನೊಬ್ಬ ವರ್ಷಗಟ್ಟಲೆ ದುಡಿದರೂ ಕೂಡಿಡಲಾಗದ ಮೊತ್ತ. ಅಣ್ಣತಮ್ಮಂದಿರಲ್ಲೊಬ್ಬ ಹೊಣೆ ನಿಲ್ಲಲು ಮುಂದೆ ಬಂದ. ಅವನೂ ಅವನ ಆಸ್ತಿಯೂ ಇರುವುದು ಬೇರೆ ಜಿಲ್ಲೆಯಲ್ಲಿ ಎಂಬ ಕಾರಣಕ್ಕೆ ಆ ಜಾಮೀನು ತಿರಸ್ಕೃತವಾಯಿತು. ದೇಶದ ಅತ್ಯುನ್ನತ ನ್ಯಾಯಾಲಯ ಬಿಡಿ ಎಂದಿದ್ದರೂ ಆತ ಒಳಗೇ ಉಳಿದ.

ಮೋತಿರಾಮ್ ಮತ್ತೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಡಿ. ಎ. ದೇಸಾಯಿ ಅವರ ಪೀಠ 1978ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ತೀರ್ಪು ಬರೆದವರು ಕೃಷ್ಣ ಅಯ್ಯರ್. 'ಜಾಮೀನು' ಎಂದರೆ ಜಾಮೀನುದಾರ ಇರಲೇಬೇಕೇ, ಸ್ವಂತ ಮುಚ್ಚಳಿಕೆಯೂ ಜಾಮೀನೇ ಎಂಬುದೇ ಅಲ್ಲಿ ಎದ್ದ ಮೂಲ ಪ್ರಶ್ನೆ. ಸೋಜಿಗವೆಂದರೆ, ಅಷ್ಟು ವರ್ಷ ಬಳಕೆಯಲ್ಲಿದ್ದ ಸಂಹಿತೆಯಲ್ಲಿ ಆ ಪದಕ್ಕೆ ಅರ್ಥವನ್ನೇ ಕೊಟ್ಟಿರಲಿಲ್ಲ! ಎರಡೂ ಜಾಮೀನೇ ಎಂದು ಅಯ್ಯರ್ ತೀರ್ಮಾನಿಸಿದರು. ಗಾರೆಯವನನ್ನೂ ಕೋಟ್ಯಧಿಪತಿಯನ್ನೂ ಒಂದೇ ಅಳತೆಯಿಂದ ಅಳೆದರೆ ಅನ್ಯಾಯ ತಪ್ಪದು ಎಂಬುದು ಅವರ ವಾದದ ತಿರುಳು. ಬೇರೆ ಜಿಲ್ಲೆಯ ಜಾಮೀನುದಾರ ಬೇಡ ಎಂಬ ಹಟದ ಬಗೆಗೂ ಅವರು ಕಟುವಾಗಿ ಬರೆದರು. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗನನ್ನು ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿಸಿದರೆ, ಅಲ್ಲಿ ಆಸ್ತಿಯಿರುವ ಹೊಣೆಗಾರನನ್ನು ಅವನು ಎಲ್ಲಿಂದ ತರಬೇಕು ಎಂದು ಕೇಳಿದರು. ಕೂಲಿಗಾಗಿ ಊರು ಬಿಟ್ಟವರೆಲ್ಲರ ಪರವಾಗಿ ಕೇಳಿದ ಪ್ರಶ್ನೆಯಿದು. ಕೊನೆಗೆ ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಆದೇಶವಾಯಿತು.

ಹಣದ ಆಧಾರವಿಲ್ಲದೆ ಬಿಟ್ಟರೆ ಆರೋಪಿ ಓಡಿಹೋಗನೆ? ನ್ಯಾಯಾಲಯಗಳನ್ನು ಕಾಡುತ್ತಿದ್ದ ಭಯವಿದು. ಇದನ್ನು ಪರೀಕ್ಷಿಸಿ ನೋಡಿದ ಒಂದು ಪ್ರಯೋಗದಲ್ಲಿ ಕೆಲಸ ಮಾಡಿದವರು ನಿಮ್ಮಂಥ ವಿದ್ಯಾರ್ಥಿಗಳು. 1961ರಲ್ಲಿ ನ್ಯೂಯಾರ್ಕಿನಲ್ಲಿ ಲೂಯಿ ಶ್ವೈಟ್ಜರ್ ಎಂಬ ಉದ್ಯಮಿ ಮತ್ತು ಹರ್ಬರ್ಟ್ ಸ್ಟರ್ಜ್ ಎಂಬ ತರುಣ ಪತ್ರಕರ್ತ ಸೇರಿ 'ಮ್ಯಾನ್‌ಹಟನ್ ಜಾಮೀನು ಯೋಜನೆ'ಯನ್ನು ಆರಂಭಿಸಿದರು. ಕಾನೂನು ವಿದ್ಯಾರ್ಥಿಗಳು ಬಂಧಿತರ ಬಳಿಗೆ ಹೋಗಿ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ದಿನದಿಂದ ಒಂದೇ ಮನೆಯಲ್ಲಿದ್ದೀರಿ? ಕೆಲಸವಿದೆಯೆ? ಹೆಂಡತಿ ಮಕ್ಕಳು ಜೊತೆಯಲ್ಲಿದ್ದಾರೆಯೆ? ಉತ್ತರಗಳನ್ನು ತಾಳೆ ನೋಡಿ, ಊರಿನಲ್ಲಿ ಬೇರು ಬಿಟ್ಟವರೆಂದು ಕಂಡರೆ, ಹಣವಿಲ್ಲದೆ ಬಿಡಬಹುದೆಂದು ನ್ಯಾಯಾಧೀಶರಿಗೆ ಶಿಫಾರಸು ಮಾಡುತ್ತಿದ್ದರು. ಹಾಗೆ ಬಿಡುಗಡೆಯಾದವರಲ್ಲಿ ಬೇಕೆಂದೇ ತಪ್ಪಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಇದರ ಬೆನ್ನಿಗೇ 1966ರಲ್ಲಿ ಅಮೆರಿಕದ ಕೇಂದ್ರ ನ್ಯಾಯಾಲಯಗಳಿಗೆ ಜಾಮೀನು ಸುಧಾರಣಾ ಶಾಸನ ಬಂತು. ಅದಕ್ಕೆ ಸಹಿ ಹಾಕುವಾಗ ಅಧ್ಯಕ್ಷ ಜಾನ್ಸನ್ ಆಡಿದ ಮಾತುಗಳನ್ನು ಅಯ್ಯರ್ ತಮ್ಮ ತೀರ್ಪಿನಲ್ಲಿ ನೆನೆದರು.

ಮರುವರ್ಷವೇ ಇನ್ನೂ ದೊಡ್ಡ ಚಿತ್ರ ಹೊರಬಿತ್ತು. 1979ರ ಜನವರಿಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಕೆ. ಎಫ್. ರುಸ್ತಮ್‌ಜಿ ಬಿಹಾರದ ಸೆರೆಮನೆಗಳ ಬಗ್ಗೆ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬರೆದರು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಹೆಸರಾದದ್ದು ಅದೇ. ಐದು, ಏಳು, ಒಂಬತ್ತು ವರ್ಷ ವಿಚಾರಣೆಯೇ ಇಲ್ಲದೆ ಕೂತವರು ಅಲ್ಲಿದ್ದರು. ಅಪರಾಧ ರುಜುವಾಗಿದ್ದರೂ ಕೆಲವೇ ತಿಂಗಳ ಶಿಕ್ಷೆಯಾಗಬಹುದಾಗಿದ್ದವರೂ ಅವರಲ್ಲಿದ್ದರು. ನ್ಯಾಯಮೂರ್ತಿ ಪಿ. ಎನ್. ಭಗವತಿ ಈ ಸ್ಥಿತಿಗೆ ಆಸ್ತಿಯನ್ನೇ ನೆಚ್ಚಿದ ಜಾಮೀನು ಪದ್ಧತಿಯೂ ಕಾರಣವೆಂದರು. ಆರೋಪಿಗೆ ಸಮಾಜದಲ್ಲಿ ಬೇರುಗಳಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂದು ಹೇಳಿ, ವಾಸ, ಉದ್ಯೋಗ, ಕುಟುಂಬ, ನಡತೆ, ಇವನನ್ನು ಬಲ್ಲ ಜನ ಹೀಗೆ ನೋಡಬೇಕಾದ ಅಂಶಗಳನ್ನೂ ಪಟ್ಟಿ ಮಾಡಿದರು. ನ್ಯೂಯಾರ್ಕಿನ ವಿದ್ಯಾರ್ಥಿಗಳ ಪ್ರಶ್ನೆಗಳೇ ಇವು ಎಂಬುದು ನಿಮಗೆ ಹೊಳೆದಿರಬೇಕು.

ತೀರ್ಪುಗಳು ಬಂದವು, ಶಾಸನ ಬದಲಾಗಲು ಇನ್ನೂ ಕಾಲು ಶತಮಾನ ಹಿಡಿಯಿತು. 2005ರ ತಿದ್ದುಪಡಿ 2006ರ ಜೂನ್‌ನಲ್ಲಿ ಜಾರಿಗೆ ಬಂತು. ಜಾಮೀನು ಪಡೆಯಬಹುದಾದ ಅಪರಾಧದಲ್ಲಿ ಆರೋಪಿ ನಿರ್ಗತಿಕನಾಗಿದ್ದು ಜಾಮೀನುದಾರನನ್ನು ಒದಗಿಸಲಾಗದಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ 'ಬಿಡತಕ್ಕದ್ದು' ಎಂದು ಆಗ ಬರೆದರು. ನಿರ್ಗತಿಕ ಯಾರು? ಬಂಧನವಾದ ಒಂದು ವಾರದೊಳಗೆ ಜಾಮೀನು ಕೊಡಲಾಗದಿದ್ದರೆ ಅವನನ್ನು ಹಾಗೆಂದೇ ಭಾವಿಸಬೇಕು. ಈ ಸರಳ ಅಳತೆಗೋಲನ್ನು ಕಂಡುಕೊಂಡವರನ್ನು ಮೆಚ್ಚಬೇಕು. ಬಡತನವನ್ನು ರುಜುವಾತುಪಡಿಸಲು ಇನ್ನೊಂದು ಕಚೇರಿಗೆ ಅಲೆಯುವುದು ಇದರಿಂದ ತಪ್ಪಿತು. ದುಡ್ಡಿಗಾಗಿ ಸಿಕ್ಕಸಿಕ್ಕವರಿಗೆಲ್ಲ ಹೊಣೆ ನಿಲ್ಲುವ ವೃತ್ತಿಪರರನ್ನು ತಡೆಯಲು, ತಾನು ಎಷ್ಟು ಜನಕ್ಕೆ ಜಾಮೀನು ನಿಂತಿದ್ದೇನೆಂದು ಜಾಮೀನುದಾರ ತಿಳಿಸಬೇಕೆಂಬ ನಿಯಮವೂ ಬಂತು.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಒಂದು ವಾರದ ನಿಯಮ ಅದರ 478ನೆಯ ಕಲಮಿನಲ್ಲಿ ಮುಂದುವರಿದಿದೆ. ಅಷ್ಟು ಕಾಲ ಅರ್ಥವೇ ಇಲ್ಲದಿದ್ದ 'ಜಾಮೀನು' ಪದಕ್ಕೆ ಅದು ಕೊನೆಗೂ ಅರ್ಥ ಬರೆದಿದೆ. ಹೊಣೆಗಾರರಿರುವ ಮುಚ್ಚಳಿಕೆ ಬೇರೆ, ಇಲ್ಲದ ಮುಚ್ಚಳಿಕೆ ಬೇರೆ ಎಂದೂ ಬಿಡಿಸಿ ಹೇಳಿದೆ.

ಆದರೆ ಇದು ಸಣ್ಣ ಅಪರಾಧಗಳ ಮಾತು. ಜಾಮೀನು ರಹಿತ ಅಪರಾಧಗಳಲ್ಲಿ ಆದೇಶ ಸಿಕ್ಕಿಯೂ ಹೊರಬರಲಾಗದವರ ಪಾಡು ಉಳಿದೇ ಇತ್ತು. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 75 ಮಂದಿ ವಿಚಾರಣಾಧೀನರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೆಲವು ನಿರ್ದೇಶನಗಳನ್ನು ನೀಡಿತು. ಜಾಮೀನು ಸಿಕ್ಕ ಏಳು ದಿನಗಳಲ್ಲಿ ಕೈದಿ ಹೊರಹೋಗದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿ ನೋಡಬಹುದು. ಬಿಡುಗಡೆ ತಡವಾಗಲು ಒಂದು ಕಾರಣ ಸ್ಥಳೀಯ ಜಾಮೀನುದಾರರೇ ಬೇಕೆಂಬ ಒತ್ತಾಯ. ಅಂಥ ಷರತ್ತನ್ನು ವಿಧಿಸದಿರುವುದು ಒಳ್ಳೆಯದು ಎಂದೂ ಅದರಲ್ಲಿ ಸೂಚಿಸಿತ್ತು. ಆ ಹೊತ್ತಿಗೆ ಮೋತಿರಾಮನ ತೀರ್ಪು ಬಂದು 44 ವರ್ಷಗಳಾಗಿದ್ದವು.